ಒಂದೇ ಬದಿ

ಮೊದಲು ಅನುಮಾನ ಬಂದದ್ದು ಹಗ್ಗದ ಮೇಲೆ.
ಬುಟ್ಟಿ ತೇಲಿ ಹೋಗದ ಹಾಗೆ
ಸೊಂಟಕ್ಕೆ ಕಟ್ಟಿಕೊಳ್ಳುವ ನೈಲಾನು ಹಗ್ಗ,
ಇಪ್ಪತ್ತು ವರ್ಷದಿಂದ ಅಲ್ಲೇ ಉಜ್ಜುತ್ತಿದೆ,
ಎಡಮಗ್ಗುಲಲ್ಲಿ, ಪಕ್ಕೆಲುಬು ಮುಗಿಯುವಲ್ಲಿ.
ಗಂಟು ಬಲಕ್ಕೆ ಸರಿಸಿದೆ.
ಉರಿ ಮಾತ್ರ ಎಡದಲ್ಲೇ ಉಳಿಯಿತು.

ರಾತ್ರಿ ಯಾರೋ ಕೂತು
ಚರ್ಮದ ಒಳಗಿಂದ ಕೆಂಡ ಊದುತ್ತಿದ್ದರು.
ಮೇಲೆ ನೋಡಿದರೆ ಎಂತದೂ ಇಲ್ಲ.
ಹೊದಿಕೆಯ ಅಂಚು ತಾಗಿದರೆ ಸಾಕು,
ಒಡಕು ಚಿಪ್ಪು ಗೀರಿದ ಹಾಗೆ.
ಗ್ಯಾಸಿರಬೇಕೆಂದು ಮೈದುನ ಪುರ್ಸು ಸೋಡಾ ತಂದ.
ಕುಡಿದೆ. ತೇಗಿದೆ. ಉರಿ ತೇಗಲಿಲ್ಲ.

ಅಮಾಸೆ ಹತ್ತಿರ.
ಅಘನಾಶಿನಿ ಹಿಂದೆ ಸರಿದು ಸರಿದು
ಐಗಳಕುರ್ವೆಯ ಕೆಳಗೆ ದಿಬ್ಬ ತೋರಿಸುವ ನಾಲ್ಕು ದಿನ.
ಆ ನಾಲ್ಕು ದಿನದ ಬಳಚಿನಲ್ಲೇ
ತಿಂಗಳ ಅಕ್ಕಿ, ದೋಣಿಯ ಬಾಡಿಗೆ, ಕರೆಂಟು ಬಿಲ್ಲು.
ನೋವಿಗೆ ಹೇಳಿದೆ: ಅಷ್ಟಮಿಗೆ ಬಾ ಮಾರಾಯ್ತಿ,
ಆಗ ನೀರಿಗೂ ಕೆಲಸವಿಲ್ಲ, ನನಗೂ.

ಬುಧವಾರ ಬುಟ್ಟಿ ಎತ್ತಿ ದೋಣಿಗೆ ಸುರಿಯುವಾಗ
ಸೆರಗು ಸರಿಯಿತು. ಗುಲಾಬಿ ಕಂಡಳು.
ಕೆಂಪು ನೆಲ, ಅದರ ಮೇಲೆ ನೀರಗುಳ್ಳೆ ಐದಾರು,
ಒಂದಕ್ಕೊಂದು ಒತ್ತಿಕೊಂಡು
ಬಂಗಡೆಯ ತತ್ತಿಯ ಹಾಗೆ.
ಬಲಕ್ಕೆ ಬಂದು ಅಲ್ಲೂ ನೋಡಿದಳು.
ಇಲ್ಲ. ಬೆನ್ನ ನಡುಗೆರೆಯ ತನಕ ಬಂದು
ಗಡಿಕಲ್ಲು ಕಂಡಂತೆ ನಿಂತುಬಿಟ್ಟಿತ್ತು.

"ನೋವು ಎಂದಿನಿಂದ?"
"ಸೋಮವಾರ."
"ಗುಳ್ಳೆ?"
"ನನಗೇನು ಬೆನ್ನಲ್ಲಿ ಕಣ್ಣಿದೆಯಾ?"
ಅವಳು ಮತ್ತೆ ಮಾತಾಡಲಿಲ್ಲ.
ಇಳಿತ ಇನ್ನೂ ಅರ್ಧ ಬಾಕಿ,
ಅವಳದೇ ಬುಟ್ಟಿ ಕಾಲುಭಾಗ ತುಂಬಿಲ್ಲ,
ಗಳ ಊರಿ ದೋಣಿ ತಿರುಗಿಸಿದಳು.

ದಡದಲ್ಲಿ ಪುರ್ಸು ಹೇಳಿದ: ಸರ್ಪಸುತ್ತು.
ಹೆಡೆಗೂ ಬಾಲಕ್ಕೂ ಕೂಡಿಬಿಟ್ಟರೆ ಮನುಷ್ಯ ಉಳಿಯುವುದಿಲ್ಲ,
ಕೆಮ್ಮಣ್ಣಲ್ಲಿ ಹೆಡೆ ಬರೆದು
ದಾರಿ ಕಟ್ಟುವವರಿದ್ದಾರೆ ಆಚೆ ದಂಡೆಯಲ್ಲಿ.

ಗುಲಾಬಿ ಕೈ ತೊಳೆಯುತ್ತ ಅಂದಳು:
ನಮ್ಮ ಅವ್ವಿಗೂ ಬರೆದಿದ್ದರು. ಚಂದ ಬರೆದಿದ್ದರು.
ಗುಳ್ಳೆ ಒಣಗಿತು. ಆಮೇಲೆ ಎರಡು ವರ್ಷ
ರವಿಕೆ ತಾಗಿಸಿಕೊಳ್ಳಲಾಗದೆ
ಯಾರ ಮದುವೆಗೂ ಹೋಗದೆ
ಹಿತ್ತಿಲ ಬಾಗಿಲಲ್ಲಿ ಕೂತಳು.
ಮಣ್ಣು ಬೇಕಾದರೆ ಆಮೇಲೆ ಬಳಿಯಿರಿ.
ಕುಮಟೆಗೆ ಬಸ್ಸು ಮೂರೂವರೆಗೆ.

ಡಾಕ್ಟರಮ್ಮ ನನ್ನ ಕಿರಿಮಗಳ ಪ್ರಾಯದವಳು.
ಚಿಕ್ಕಂದಿನಲ್ಲಿ ಸೀತಾಳ ಸಿಡುಬು ಆಗಿತ್ತಾ?
ಆಗಿತ್ತು, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು.
ಅದೇ ಇದು, ಅಂದಳು. ಹೋಗಿರಲೇ ಇಲ್ಲ.
ನರದ ಬುಡದಲ್ಲಿ ಐವತ್ತು ವರ್ಷ ನಿದ್ದೆ ಮಾಡಿ
ಈಗ ಎದ್ದು ಆ ನರದ ದಾರಿ ಹಿಡಿದಿದೆ.
ಅದಕ್ಕೇ ಒಂದೇ ಬದಿ.
ಗುಳ್ಳೆ ಎದ್ದ ಮೂರು ದಿನದೊಳಗೆ ಬಂದಿರಲ್ಲ,
ಮದ್ದು ಕೇಳುವ ಹೊತ್ತು ಅದು.

ಹೊತ್ತೆಂದರೆ ನನಗೆ ಗೊತ್ತಿಲ್ಲವೇ.
ನೀರು ತಿರುಗಿದ ಮೇಲೆ
ಎಷ್ಟು ಬಾಗಿದರೂ ಕೈಗೆ ಸಿಗುವುದು ಕೆಸರೇ.

ದಿನಕ್ಕೆ ಐದು ಮಾತ್ರೆ, ಏಳು ದಿನ.
ನೋವಿಗೆ ಬೇರೆ, ರಾತ್ರಿಗೆ ಇನ್ನೊಂದು.
ತಣ್ಣೀರಲ್ಲಿ ಹಿಂಡಿದ ಪಂಚೆಯ ತುಂಡು,
ಗುಲಾಬಿ ಬಣ್ಣದ ಲೋಷನ್ನು
(ತನ್ನ ಹೆಸರು ಕೇಳಿ ಗುಲಾಬಿ ನಕ್ಕಳು),
ಗಂಡನ ಹಳೇ ಅಂಗಿ, ಗುಂಡಿ ಹಾಕದೆ.
ಗುಳ್ಳೆ ಒಡೆಯಬೇಡಿ ಅಂದಿದ್ದರು,
ಬೆರಳುಗಳ ಮೇಲೆ ಕೂತು ಮಲಗಿದೆ ಅನ್ನಬಹುದು.
ಸಿಡುಬೇ ಕಾಣದ ಬಸುರಿ ಸೊಸೆ
ಬಾಗಿಲಾಚೆ ಗಂಜಿಯಿಟ್ಟು ಕೂಗಿ ಹೋಗುತ್ತಿದ್ದಳು.

ಅಮಾಸೆಯ ಇಳಿತ ನಾನಿಲ್ಲದೆ ಇಳಿಯಿತು.
ಮಲಗಿದಲ್ಲೇ ತಿಳಿಯುತ್ತಿತ್ತು,
ಈಗ ದಿಬ್ಬ ಕಂಡಿರುತ್ತದೆ,
ಈಗ ಗುಲಾಬಿ ಮೊಣಕಾಲೂರಿರುತ್ತಾಳೆ.

ಎರಡು ತಿಂಗಳಾಯಿತು. ಗುಳ್ಳೆಯ ಜಾಗದಲ್ಲಿ ಮಾಸಲು ಕಲೆ.
ಸಂಜೆಗೆ ತುಸು ಚುರುಚುರು,
ಇಲ್ಲ ಅಂದರೆ ಸುಳ್ಳಾಗುತ್ತದೆ.
ಹಗ್ಗ ಈಗ ಗುಲಾಬಿಯ ಸೊಂಟದಲ್ಲಿ,
ಎರಡೂ ಬುಟ್ಟಿ ಅವಳ ಹಿಂದೆ
ಬಾತುಮರಿಗಳ ಹಾಗೆ.

ನಿನ್ನೆ ತದಡಿ ಬಸ್ಸಲ್ಲಿ ಕಂಡಕ್ಟರು
ಚೀಲದ ಪಟ್ಟಿಯನ್ನು ಹೆಬ್ಬೆರಳಲ್ಲಿ
ಮೈಯಿಂದ ದೂರ ಎತ್ತಿ ಹಿಡಿದಿದ್ದ.
ತಿರುವಿನಲ್ಲಿ ಅದು ತಾಗಿತು. ಹಲ್ಲು ಕಚ್ಚಿದ.

"ಒಂದೇ ಬದಿಯಾ?" ಕೇಳಿದೆ.
"ಹೋಗೋದಕ್ಕೊಂದು, ಬರೋದಕ್ಕೊಂದು, ಬೇರೆ ಬೇರೆ ಟಿಕೀಟಮ್ಮ."
"ಟಿಕೀಟಲ್ಲ ತಮ್ಮಾ," ಅಂದೆ.
"ಉರಿ."